ಹೆಸರು ನಂಬಬೇಡಿ, ಟರ್ಮಿನಲ್ ಎಣಿಸಿ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಹರ್ಷಿ ಎಂಬ ಊರಿನಲ್ಲಿ ಪ್ರತಿ ಅಕ್ಟೋಬರ್‌ನಲ್ಲಿ ಹಳೆಯ ಕಾರುಗಳ ಮತ್ತು ಬಿಡಿಭಾಗಗಳ ದೊಡ್ಡ ಸಂತೆ ನೆರೆಯುತ್ತದೆ. ಅಂಥ ಸಂತೆಗಳಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವ ವಸ್ತು ಒಂದಿದೆ. ಅಂಗೈಯಲ್ಲಿ ಹಿಡಿಯಬಹುದಾದ ಮರದ ಪೆಟ್ಟಿಗೆ, ಮೂಲೆಗಳಲ್ಲಿ ಬೆರಳಿಗೆ ಬೆರಳು ಹೆಣೆದಂತೆ ಕೂಡಿಸಿದ ಹಲ್ಲುಗಳು, ನೆತ್ತಿಯ ಮೇಲೆ ಹಿತ್ತಾಳೆಯ ಪಟ್ಟಿಯೊಂದು. ಗೊತ್ತಿಲ್ಲದವರು ಅಜ್ಜಿಯ ಕಾಲದ ಎಲೆ-ಅಡಿಕೆ ಪೆಟ್ಟಿಗೆ ಎಂದುಕೊಂಡಾರು. ಎತ್ತಿಕೊಂಡರೆ ಮಾತ್ರ ಕೈ ಜಗ್ಗುತ್ತದೆ, ಏಕೆಂದರೆ ಒಳಗೆ ಕಬ್ಬಿಣವಿದೆ, ತಾಮ್ರವಿದೆ, ಡಾಂಬರಿನಂಥ ಅರಕು ತುಂಬಿದೆ. ಇದು ಇಗ್ನಿಷನ್ ಕಾಯಿಲ್, ಪೆಟ್ರೋಲ್ ಎಂಜಿನ್ನಿಗೆ ಕಿಡಿ ಕೊಡುವ ಭಾಗ.

ಯಾವ ಕಾರಿನದು, ಯಾವ ಕಾಲದ್ದು? ಕೊಳ್ಳುವವರು ಮೊದಲು ಹುಡುಕುವುದು ಕಂಪನಿಯ ಹೆಸರನ್ನು. ಎಡವುವುದೂ ಅಲ್ಲಿಯೇ.

ಕಾಯಿಲ್‌ನ ಕೆಲಸ ಹೇಳುವುದಕ್ಕೆ ಸರಳ. ಆರು ವೋಲ್ಟಿನ ಬ್ಯಾಟರಿ ಸ್ಪಾರ್ಕ್ ಪ್ಲಗ್ಗಿನ ತುದಿಯ ಸಂದಿಯನ್ನು ದಾಟುವಷ್ಟು ಕಿಡಿ ಹುಟ್ಟಿಸಲಾರದು, ಅದಕ್ಕೆ ಸಾವಿರಾರು ವೋಲ್ಟ್ ಬೇಕು. ಕಬ್ಬಿಣದ ತಂತಿಗಳ ಕಟ್ಟಿನ ಮೇಲೆ ದಪ್ಪ ತಾಮ್ರದ ತಂತಿಯನ್ನು ಕೆಲವು ನೂರು ಸುತ್ತು, ಕೂದಲೆಳೆಯಂಥ ತಂತಿಯನ್ನು ಸಾವಿರಾರು ಸುತ್ತು ಸುತ್ತಿದರೆ, ದಪ್ಪ ತಂತಿಯ ಕರೆಂಟು ಥಟ್ಟನೆ ಕಡಿದ ಕ್ಷಣ ಸಣ್ಣ ತಂತಿಯಲ್ಲಿ ಸಾವಿರಾರು ವೋಲ್ಟಿನ ಆ ಒತ್ತಡ ಚಿಮ್ಮುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ತತ್ವ ಇದು. 1836ರಲ್ಲಿ ಐರ್ಲೆಂಡಿನ ಪಾದ್ರಿ ನಿಕೊಲಸ್ ಕ್ಯಾಲನ್ ಇಂಥ ಕಾಯಿಲ್ ಮಾಡಿದರು. ಪ್ಯಾರಿಸಿನ ರುಮ್‌ಕಾರ್ಫ್ ಅದನ್ನು ತಿದ್ದಿ ತೀಡಿ ಹೆಸರು ಮಾಡಿದರು. 1860ರ ಲೆನ್ವಾರ್ ಗ್ಯಾಸ್ ಎಂಜಿನ್ನಿಗೆ ಕಿಡಿ ಕೊಟ್ಟದ್ದು ರುಮ್‌ಕಾರ್ಫ್ ಕಾಯಿಲ್. 1886ರ ಬೆಂಜ್ ಗಾಡಿಯಲ್ಲಿ ಇದ್ದದ್ದೂ ಅದೇ ವಂಶದ್ದು.

ಕರೆಂಟನ್ನು ಕಡಿಯುವುದು ಯಾರು ಎಂಬ ಪ್ರಶ್ನೆಗೆ ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿತು. ಗುರುತು ಹಿಡಿಯುವ ಗುಟ್ಟು ಇರುವುದು ಆ ಉತ್ತರದಲ್ಲೇ.

ಹರ್ಷಿಯಂಥ ಸಂತೆಯ ಮರದ ಪೆಟ್ಟಿಗೆಯನ್ನೇ ನೋಡೋಣ. ನೆತ್ತಿಯ ಹಿತ್ತಾಳೆಯ ಪಟ್ಟಿಯ ಕೆಳಗಿರುವ ಉಕ್ಕಿನ ಪಟ್ಟಿ ಸ್ಪ್ರಿಂಗಿನಂತೆ ಬಳುಕುತ್ತದೆ. ಕರೆಂಟು ಹರಿದೊಡನೆ ಕೆಳಗಿನ ಕಬ್ಬಿಣದ ಕಟ್ಟು ಅಯಸ್ಕಾಂತವಾಗಿ ಪಟ್ಟಿಯನ್ನು ಎಳೆಯುತ್ತದೆ. ಒಂದಕ್ಕೊಂದು ತಾಗಿದ್ದ ಪಾಯಿಂಟುಗಳು ಬಿಟ್ಟುಕೊಳ್ಳುತ್ತವೆ, ಕರೆಂಟು ಕಡಿಯುತ್ತದೆ, ಕಿಡಿ ಹಾರುತ್ತದೆ. ಎಳೆತ ತಪ್ಪಿದ ಪಟ್ಟಿ ಮರಳಿ ಬಂದು ಕೂಡುತ್ತದೆ, ಕಬ್ಬಿಣ ಅದನ್ನು ಮತ್ತೆ ಎಳೆಯುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗೆ ನಡೆಯುವಾಗ ಜೇನುಹುಳ ಸಿಕ್ಕಿಹಾಕಿಕೊಂಡಂತೆ ಪೆಟ್ಟಿಗೆ ಗುಂಯ್‌ಗುಡುತ್ತದೆ. ಆ ಸದ್ದಿನಿಂದಲೇ ಇದಕ್ಕೆ ಬಜ್ ಕಾಯಿಲ್ ಎಂಬ ಹೆಸರು.

ಬಜ್ ಕಾಯಿಲ್‌ಗೆ ಮನೆಮಾತಿನ ಖ್ಯಾತಿ ತಂದದ್ದು ಫೋರ್ಡ್ ಮಾಡೆಲ್ ಟಿ. 1908ರಿಂದ 1927ರವರೆಗೆ ಈ ಕಾರು ಒಂದೂವರೆ ಕೋಟಿ ತಯಾರಾಯಿತು. ನಾಲ್ಕು ಸಿಲಿಂಡರಿಗೆ ನಾಲ್ಕು ಕಾಯಿಲ್, ಎಲ್ಲವೂ ಒಂದೇ ಡಬ್ಬದಲ್ಲಿ ಸಾಲಾಗಿ ಕುಳಿತಿರುತ್ತಿದ್ದವು. ಎಂಜಿನ್ನಿನ ಫ್ಲೈವೀಲಿಗೆ 16 ಅಯಸ್ಕಾಂತಗಳನ್ನು ಕಟ್ಟಿ ಅದನ್ನೇ ಕರೆಂಟು ಹುಟ್ಟಿಸುವ ಮ್ಯಾಗ್ನೆಟೊ ಮಾಡಿದ್ದರು. ಬ್ಯಾಟರಿ ಇಲ್ಲದೆಯೂ ಗಾಡಿ ಓಡುತ್ತಿತ್ತು. ಉಳಿದ ಕಂಪನಿಗಳು ಒಂದೇ ಕಾಯಿಲ್‌ನ ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್‌ಗೆ ದಾಟಿದ ಮೇಲೂ ಮಾಡೆಲ್ ಟಿ ಕೊನೆಯವರೆಗೆ ಈ ಮರದ ಪೆಟ್ಟಿಗೆಗಳನ್ನೇ ಹೊತ್ತು ತಿರುಗಿತು.

ಆರಂಭದ ವರ್ಷಗಳಲ್ಲಿ ಫೋರ್ಡ್ ಈ ಕಾಯಿಲ್‌ಗಳನ್ನು ಹೊರಗಿನಿಂದ ಕೊಳ್ಳುತ್ತಿತ್ತು. ಇಂಡಿಯಾನಾದ ಕಿಂಗ್‌ಸ್ಟನ್, ಮ್ಯಾಸಚೂಸೆಟ್ಸ್‌ನ ಹೈಂಜ್ ಮತ್ತು ಜೇಕಬ್ಸನ್-ಬ್ರ್ಯಾಂಡೊ, ಕ್ಲೀವ್‌ಲೆಂಡಿನ ಕೆ-ಡಬ್ಲ್ಯು, ಹೀಗೆ ಹಲವರು ಪೂರೈಸುತ್ತಿದ್ದರು. ಒಬ್ಬರ ಕಾಯಿಲ್ ಇನ್ನೊಬ್ಬರ ಡಬ್ಬದಲ್ಲಿ ಸಾಮಾನ್ಯವಾಗಿ ಕೂರುತ್ತಿರಲಿಲ್ಲ. ಮುಂದೆ ಕೆ-ಡಬ್ಲ್ಯು ಅಳತೆಯೇ ಎಲ್ಲಕ್ಕೂ ಅಳತೆಯಾಯಿತು, ಆಮೇಲೆ ಫೋರ್ಡ್ ತಾನೇ ತಯಾರಿಸತೊಡಗಿತು. ಆದ್ದರಿಂದ ಅಳತೆ ಬೇರೆಯಾಗಿರುವ, ಪಾಯಿಂಟುಗಳ ವಿನ್ಯಾಸ ವಿಚಿತ್ರವಾಗಿರುವ ಕಾಯಿಲ್ ಸಿಕ್ಕರೆ ಅದನ್ನು ಎತ್ತಿಡಬೇಕು. ಅದು ಮೊದಲ ವರ್ಷಗಳದ್ದಾಗಿರುವ ಸಾಧ್ಯತೆ ಹೆಚ್ಚು, ಸಿಗುವುದೂ ಅಪರೂಪ.

ಇನ್ನು ಹೆಸರಿನ ವಿಚಾರ. ಹೆಸರು ಅಚ್ಚಾಗಿರುವ ಹಿತ್ತಾಳೆಯ ಭಾಗವನ್ನು ಎರಡು ನಟ್ಟು ಬಿಚ್ಚಿ ಬದಲಿಸಬಹುದು. ಪಾಯಿಂಟು ಸವೆದಾಗ ಅಂದಿನ ಮೆಕ್ಯಾನಿಕ್‌ಗಳು ಕೈಗೆ ಸಿಕ್ಕ ಕಂಪನಿಯದನ್ನು ಹಾಕಿದರು. ಹಾಗಾಗಿ ನೆತ್ತಿಯ ಮೇಲೆ ಒಂದು ಹೆಸರು, ಅಡಿಯ ಪೆಟ್ಟಿಗೆ ಇನ್ನೊಬ್ಬರದು ಎಂಬಂಥ ಕಾಯಿಲ್‌ಗಳಿಗೆ ಕೊರತೆಯಿಲ್ಲ. ಹೆಸರು ನಿಜವೇ ಆದರೂ ಗಾಡಿ ಯಾವುದೆಂದು ಅದು ಹೇಳುವುದಿಲ್ಲ. 1917ರಲ್ಲಿ ಬಂದ ಫೋರ್ಡ್‌ಸನ್ ಟ್ರ್ಯಾಕ್ಟರಿನಲ್ಲೂ ಇದೇ ಕಾಯಿಲ್ ಇತ್ತು. ಹವ್ಯಾಸಿ ರೇಡಿಯೊ ಹುಡುಗರು ಕಾರಿನಿಂದ ಇದನ್ನು ಬಿಚ್ಚಿ ಕಿಡಿಯ ಟ್ರಾನ್ಸ್‌ಮಿಟರ್ ಕಟ್ಟಿಕೊಂಡದ್ದೂ ಉಂಟು.

ಸುಳ್ಳು ಹೇಳದ ಸಾಕ್ಷಿ ಎಂದರೆ ಟರ್ಮಿನಲ್‌ಗಳು. ಮಾಡೆಲ್ ಟಿ ಕಾಯಿಲ್‌ಗೆ ಹಿತ್ತಾಳೆಯ ಗುಂಡಿಯಂಥ ಮೂರು ತುದಿಗಳಿವೆ, ಎರಡು ಪಕ್ಕದಲ್ಲಿ, ಒಂದು ಅಡಿಯಲ್ಲಿ. ಡಬ್ಬದೊಳಗೆ ಇಳಿಸಿದರೆ ಸಾಕು, ವೈರು ಕಟ್ಟಬೇಕಿಲ್ಲ. ನಡುಗುವ ಪಟ್ಟಿಯೇ ಇಲ್ಲ, ಎರಡೇ ಟರ್ಮಿನಲ್ ಇವೆ, ಉದ್ದನೆಯ ಕಾಯಿಲ್ ಎಂದಾದರೆ ಅದು ಕಾರಿನದಾಗಿರುವುದಕ್ಕಿಂತ ಹೊಲದ ಎಂಜಿನ್ನಿನದಾಗಿರುವುದೇ ಹೆಚ್ಚು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್, ಫೇರ್‌ಬ್ಯಾಂಕ್ಸ್-ಮೋರ್ಸ್ ಕಂಪನಿಗಳ ಹಳೆಯ ಎಂಜಿನ್‌ಗಳಲ್ಲಿ ಸಿಲಿಂಡರಿನೊಳಗೇ ಎರಡು ತುದಿಗಳು ಕೂಡಿ ಬಿಡುತ್ತಿದ್ದವು, ಬಿಡುವಾಗ ಅಲ್ಲೇ ಕಿಡಿ. ಅದಕ್ಕೆ ತಂತಿಯ ಒಂದೇ ಸುರುಳಿ ಸಾಕು. ಅಂಥ ಕಾಯಿಲ್‌ಗೆ ಸ್ಪಾರ್ಕ್ ಪ್ಲಗ್ ಜೋಡಿಸಿ, ಕಿಡಿ ಬರಲಿಲ್ಲವೆಂದು ಕೆಟ್ಟಿದೆ ಅಂತ ಗುಜರಿಗೆ ಹಾಕಿದವರಿದ್ದಾರೆ. ನೋವಾಗುವ ಸಂಗತಿ ಇದು, ಕಾಯಿಲ್ ಸರಿಯಾಗಿಯೇ ಇತ್ತು.

ಓಮ್ ಮೀಟರ್ ಇದ್ದರೆ ಅನುಮಾನ ಬಹುಮಟ್ಟಿಗೆ ತೀರುತ್ತದೆ. ದಪ್ಪ ತಂತಿಯ ಸುರುಳಿ ಸಾಮಾನ್ಯವಾಗಿ ಒಂದು ಓಮ್‌ಗಿಂತ ಕಡಿಮೆ ತೋರಿಸುತ್ತದೆ, ಸಣ್ಣ ತಂತಿಯದು ಸಾವಿರಗಳಲ್ಲಿ. ಸಾವಿರಗಳ ಲೆಕ್ಕ ಎಲ್ಲೂ ಸಿಗದಿದ್ದರೆ ಒಂದೋ ಅದು ಒಂದೇ ಸುರುಳಿಯ ಕಾಯಿಲ್, ಇಲ್ಲವೇ ಒಳಗಿನ ತಂತಿ ಕಡಿದಿದೆ.

1909ರಲ್ಲಿ ಡೆಲ್ಕೊ ಕಂಪನಿ ಸ್ಥಾಪಿಸಿದ ಚಾರ್ಲ್ಸ್ ಕೆಟರಿಂಗ್ ಕ್ಯಾಡಿಲಾಕ್‌ಗೆ ಬ್ಯಾಟರಿಯ ಹೊಸ ಇಗ್ನಿಷನ್ ಕೊಟ್ಟ ಮೇಲೆ ಬಜ್ ಕಾಯಿಲ್‌ನ ದಿನಗಳು ಎಣಿಕೆಗೆ ಬಂದವು. ಎಲ್ಲ ಸಿಲಿಂಡರಿಗೂ ಒಂದೇ ಕಾಯಿಲ್ ಸಾಕಾಯಿತು. ಪಾಯಿಂಟು ಕಾಯಿಲ್‌ನ ನೆತ್ತಿಯಿಂದ ಇಳಿದು ಡಿಸ್ಟ್ರಿಬ್ಯೂಟರಿನೊಳಗೆ ಸೇರಿತು, ಮರದ ಪೆಟ್ಟಿಗೆ ಹೋಗಿ ತಗಡಿನ ಡಬ್ಬಿ ಬಂತು. ಅಂಬಾಸಿಡರ್, ಫಿಯಟ್ ರಿಪೇರಿ ಮಾಡಿದ ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಇಂದಿಗೂ ಇರುವ ‘ಸಿ.ಬಿ. ಪಾಯಿಂಟ್’ ಎಂದರೆ ಡಿಸ್ಟ್ರಿಬ್ಯೂಟರಿನೊಳಗಿನ ಆ ಪಾಯಿಂಟೇ. ಹಳೆಯ ಲ್ಯೂಕಾಸ್ ಕಾಯಿಲ್‌ನ ನೆತ್ತಿಯಲ್ಲಿ ಎಸ್‌ಡಬ್ಲ್ಯು, ಸಿಬಿ ಎಂಬ ಅಕ್ಷರಗಳಿರುತ್ತವೆ. ಒಂದು ಸ್ವಿಚ್ಚಿಗೆ, ಇನ್ನೊಂದು ಕಾಂಟ್ಯಾಕ್ಟ್ ಬ್ರೇಕರಿಗೆ. ಆಮೇಲಿನವುಗಳಲ್ಲಿ ಅದರ ಬದಲು ಪ್ಲಸ್, ಮೈನಸ್ ಗುರುತು ಕಾಣುತ್ತದೆ. ಬಾಷ್ ಕಾಯಿಲ್ ಆದರೆ 15 ಮತ್ತು 1 ಎಂಬ ಅಂಕಿಗಳು.

ಕೈಗೆ ಸಿಕ್ಕ ಮರದ ಕಾಯಿಲ್ ಕೆಲಸ ಮಾಡದಿದ್ದರೆ ಬಹಳ ಸಲ ತಪ್ಪು ತಂತಿಯದಲ್ಲ, ಪೆಟ್ಟಿಗೆಯೊಳಗಿನ ಕಂಡೆನ್ಸರಿನದು. ಕಾಗದ ಮತ್ತು ತೆಳು ಲೋಹದ ಹಾಳೆ ಸುತ್ತಿ ಮಾಡಿದ ಆ ಕಂಡೆನ್ಸರು ನೂರು ವರ್ಷದ ತೇವ ಕುಡಿದು ಸತ್ತಿರುತ್ತದೆ. ಬಲ್ಲವರು ಪೆಟ್ಟಿಗೆಯ ಒಂದು ಪಕ್ಕದ ಹಲಗೆಯನ್ನು ಸರಿಸಿ ತೆಗೆದು, ಆ ಜಾಗದ ಅರಕನ್ನು ಮೆಲ್ಲಗೆ ಕೆರೆದು, ಹೊಸದನ್ನು ಕೂರಿಸುತ್ತಾರೆ. ಪೆಟ್ಟಿಗೆ ಮತ್ತೆ ಗುಂಯ್‌ಗುಡುತ್ತದೆ.

ಅಟ್ಟದಲ್ಲೋ ಗುಜರಿ ಅಂಗಡಿಯಲ್ಲೋ ಇಂಥದ್ದೊಂದು ಕಂಡರೆ ಪಾಯಿಂಟುಗಳನ್ನು ಉಜ್ಜಬೇಡಿ, ಸೀಮೆಎಣ್ಣೆಯಲ್ಲಿ ತೊಳೆಯಬೇಡಿ, ಬರಿಗೈಯಲ್ಲಿ ಹಿಡಿದು ಬ್ಯಾಟರಿ ಕೊಡಬೇಡಿ, ಹೊಡೆತ ಜೋರಾಗಿರುತ್ತದೆ. ಆರೂ ಮಗ್ಗುಲಿನ ಫೋಟೊ ತೆಗೆದು, ಟರ್ಮಿನಲ್ ಎಣಿಸಿ, ಅಳತೆ ಬರೆದಿಟ್ಟುಕೊಂಡು ಹಳೆಯ ಎಂಜಿನ್ ಬಲ್ಲವರಿಗೆ ತೋರಿಸಿ. ತಾಮ್ರದ ಆಸೆಗೆ ಮಾತ್ರ ಒಡೆಯಬೇಡಿ. ಒಳಗಿರುವ ತಾಮ್ರ ಒಂದು ಮುಷ್ಟಿಯಷ್ಟೂ ಇರುವುದಿಲ್ಲ.