ತಲೆ ನನ್ನದು, ಕಣ್ಣೀರು ಯಾರದು?

ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಒಮ್ಮೆ ನೀವು ಬೆಂಗಳೂರಿನ ಓಕಳಿಪುರಂ ರೈಲ್ವೆ ಕೆಳಸೇತುವೆಯ ಬಳಿ ನಿಂತು ನೋಡಬೇಕು. ರಾಜಾಜಿನಗರ, ಮಲ್ಲೇಶ್ವರಂ, ಶ್ರೀರಾಮಪುರದ ಕಡೆಯಿಂದ ಮೆಜೆಸ್ಟಿಕ್‌ಗೆ ಹೋಗುವ ವಾಹನಗಳು ಅಲ್ಲಿ ಒಂದಕ್ಕೊಂದು ಅಂಟಿಕೊಂಡು ಸಾಗುತ್ತವೆ. ಬಸ್ಸು, ಆಟೋ, ಸರಕಿನ ಟೆಂಪೋಗಳ ನಡುವೆ ಒಂದು ಸ್ಕೂಟರ್ ನುಸುಳಿ ಬರುತ್ತದೆ. ಮುಂದೆ ನಿಂತ ಪುಟ್ಟ ಮಗು, ಹ್ಯಾಂಡಲ್ ಹಿಡಿದ ತಂದೆ, ನಡುವೆ ಶಾಲೆಯ ಚೀಲ ಹೊತ್ತ ಇನ್ನೊಂದು ಮಗು, ಹಿಂದೆ ಒಂದೇ ಬದಿಗೆ ಕಾಲು ಇಳಿಬಿಟ್ಟು ಕುಳಿತ ತಾಯಿ. ನಾಲ್ಕು ತಲೆಗಳು, ಒಂದು ಹೆಲ್ಮೆಟ್. ಕೆಲವೊಮ್ಮೆ ಆ ಒಂದು ಹೆಲ್ಮೆಟ್ ಕೂಡ ತಲೆಯ ಮೇಲಿರುವುದಿಲ್ಲ. ಮೊಣಕೈಯಲ್ಲಿ ನೇತಾಡುತ್ತಿರುತ್ತದೆ. ಪೊಲೀಸರು ಕಂಡರೆ ಮಾತ್ರ ಮೇಲೇರುತ್ತದೆ.

ಪ್ರಶ್ನಿಸಿದರೆ ಬರುವ ಉತ್ತರ ಒಂದೇ: "ತಲೆ ನನ್ನದು. ಒಡೆದರೆ ನನ್ನದು ಒಡೆಯುತ್ತದೆ. ಸರಕಾರಕ್ಕೇನು?"

ಈ ಮಾತನ್ನು ನೀವೂ ಕೇಳಿರಬಹುದು. ಮನೆಯಲ್ಲಿ ಪತಿಯ ಬಾಯಿಯಿಂದ, ಕಾಲೇಜಿಗೆ ಹೋಗುವ ಮಗನ ಬಾಯಿಯಿಂದ. ಬಹುಶಃ ನೀವೇ ಹೇಳಿರಬಹುದು. ಇದು ಹಗುರವಾದ ಮಾತಲ್ಲ. ವ್ಯಕ್ತಿಯ ಸ್ವಾತಂತ್ರ್ಯ ಎಲ್ಲಿಯವರೆಗೆ, ಕಾನೂನಿನ ಅಧಿಕಾರ ಎಲ್ಲಿಂದ ಎಂಬ ದೊಡ್ಡ ಪ್ರಶ್ನೆ ಅದರಲ್ಲಿದೆ. ಆದ್ದರಿಂದ ಬೈದು ಬಾಯಿ ಮುಚ್ಚಿಸದೆ, ಕುಳಿತು ಯೋಚಿಸೋಣ.

ಅರ್ಜಿಯಲ್ಲಿ ಖಾಲಿ ಉಳಿದ ಜಾಗ

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗಿಯೊಬ್ಬಳ ವಿದ್ಯಾರ್ಥಿವೇತನದ ಅರ್ಜಿ ತುಂಬಲು ಅವಳ ತಾಯಿ ಬಂದಿದ್ದರು. 'ತಂದೆಯ ಉದ್ಯೋಗ' ಎಂಬಲ್ಲಿಗೆ ಬಂದಾಗ ನಾನು ತಲೆಯೆತ್ತಿ ಅವರ ಮುಖ ನೋಡಿದೆ. ಅವರು ಮೆಲ್ಲನೆ ಹೇಳಿದರು:

"ಟೀಚರ್, ಅವತ್ತು ರಾತ್ರಿ ಚಿಕ್ಕವನಿಗೆ ಜ್ವರ. ಔಷಧ ತರೋಕೆ ಹೋದ್ರು. ಇಲ್ಲೇ ಅಲ್ವಾ ಅಂತ ಹೆಲ್ಮೆಟ್ ಬಿಟ್ಟು ಹೋದ್ರು. ನಾನೂ ನೋಡಿದೆ, ಹೇಳಲಿಲ್ಲ. ಅದು ಈಗಲೂ ಬಾಗಿಲ ಹಿಂದಿನ ಮೊಳೆಯಲ್ಲೇ ಇದೆ."

ತಲೆ ಆ ಸಹೋದರನದಾಗಿತ್ತು, ನಿಜ. ಆದರೆ ಅದು ಒಡೆದಾಗ ನಿಂತುಹೋದದ್ದು ಒಂದು ಮನೆಯ ಒಲೆ. ಆ ತಾಯಿ ಅಂದಿನಿಂದ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಾರೆ. ದೊಡ್ಡ ಮಗ ಓದು ಬಿಟ್ಟು ಗ್ಯಾರೇಜು ಸೇರಿದ. "ನಾನು ಹೇಳಲಿಲ್ಲ" ಎಂಬ ಒಂದು ಮಾತು ಅವರನ್ನು ಇಂದಿಗೂ ಕಾಡುತ್ತಿದೆ. ಅದನ್ನು ಅವರ ಎದೆಯಿಂದ ತೆಗೆಯುವ ಔಷಧ ಯಾವ ಅಂಗಡಿಯಲ್ಲೂ ಇಲ್ಲ.

ಸ್ವಾತಂತ್ರ್ಯದ ವಾದ

ಇಂಗ್ಲೆಂಡಿನ ಚಿಂತಕ ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಸ್ವಾತಂತ್ರ್ಯದ ಕುರಿತು ಒಂದು ಪುಸ್ತಕ ಬರೆದರು. ಇನ್ನೊಬ್ಬರಿಗೆ ಹಾನಿಯಾಗುವುದನ್ನು ತಡೆಯಲು ಮಾತ್ರ ಸಮಾಜವು ವ್ಯಕ್ತಿಯ ಮೇಲೆ ಒತ್ತಾಯ ಹೇರಬಹುದು, ಅವನ ಒಳಿತಿಗಾಗಿ ಎಂಬ ಕಾರಣವೊಂದೇ ಸಾಲದು ಎಂಬುದು ಅದರ ತಿರುಳು. ಹೆಲ್ಮೆಟ್ ವಿರೋಧಿಗಳೆಲ್ಲರೂ ತಿಳಿದೋ ತಿಳಿಯದೆಯೋ ಈ ವಾದವನ್ನೇ ಹೇಳುತ್ತಾರೆ.

ಇದಕ್ಕಾಗಿ ಜೈಲಿಗೆ ಹೋದವರೂ ಇದ್ದಾರೆ. ಬ್ರಿಟನ್ನಿನಲ್ಲಿ 1973ರಲ್ಲಿ ಹೆಲ್ಮೆಟ್ ಕಡ್ಡಾಯವಾದಾಗ ಫ್ರೆಡ್ ಹಿಲ್ ಎಂಬ ವೃದ್ಧ ಸವಾರ ಒಪ್ಪಲಿಲ್ಲ. ದಂಡ ಕಟ್ಟಲು ನಿರಾಕರಿಸಿ ಮತ್ತೆ ಮತ್ತೆ ಸೆರೆಮನೆಗೆ ಹೋದರು. 1984ರಲ್ಲಿ ಲಂಡನಿನ ಜೈಲಿನಲ್ಲೇ ತೀರಿಕೊಂಡರು. ಅವರ ಹಟವನ್ನು ಮೆಚ್ಚದವರೂ ಅವರ ಪ್ರಾಮಾಣಿಕತೆಯನ್ನು ಒಪ್ಪಲೇಬೇಕು. ಅಮೆರಿಕದ ಇಲಿನಾಯ್, ಅಯೋವಾ, ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳಲ್ಲಿ ವಯಸ್ಕ ಮೋಟಾರ್ ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯವಿಲ್ಲ.

ನಮ್ಮ ದೇಶದಲ್ಲೂ ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಆಂಧ್ರಪ್ರದೇಶದ ಹೆಲ್ಮೆಟ್ ನಿಯಮವು ಸಂವಿಧಾನದ 19 ಮತ್ತು 21ನೇ ವಿಧಿಗಳು ಕೊಟ್ಟ ಸಂಚಾರ ಸ್ವಾತಂತ್ರ್ಯಕ್ಕೂ ವೈಯಕ್ತಿಕ ಸ್ವಾತಂತ್ರ್ಯಕ್ಕೂ ಅಡ್ಡಿ ಎಂದು ಅಜಯ್ ಕಾನು ಎಂಬವರು ವಾದಿಸಿದರು. 1988ರಲ್ಲಿ ನ್ಯಾಯಾಲಯ ಈ ವಾದವನ್ನು ತಳ್ಳಿಹಾಕಿತು. ಹೆಲ್ಮೆಟ್ ಧರಿಸಿ ಎಂದರೆ ಎಲ್ಲಿಗೂ ಹೋಗಬೇಡಿ ಎಂದರ್ಥವಲ್ಲ. ನಿಯಮ ಇರುವುದು ಸವಾರನ ಜೀವ ಉಳಿಸಲು. ಇದು ತೀರ್ಪಿನ ಸಾರ.

ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ಮೊಕದ್ದಮೆಯಲ್ಲಿ 1972ರಲ್ಲಿ ನ್ಯಾಯಾಲಯ ಇನ್ನೂ ಸ್ಪಷ್ಟವಾಗಿ ಯೋಚಿಸಿತು. ಬಿದ್ದವನನ್ನು ರಸ್ತೆಯಿಂದ ಎತ್ತುವುದು ಸಮಾಜ, ಆಸ್ಪತ್ರೆಗೆ ಸೇರಿಸುವುದು ಸಮಾಜ, ಆತ ಮತ್ತೆ ದುಡಿಯಲಾಗದಿದ್ದರೆ ಅವನನ್ನೂ ಅವನ ಕುಟುಂಬವನ್ನೂ ಸಾಕುವ ಹೊಣೆ ಬರುವುದೂ ಸಮಾಜದ ಮೇಲೆಯೇ. ಹಾಗಿರುವಾಗ ಅಪಾಯ ಅವನೊಬ್ಬನದೇ ಎಂಬ ವಾದ ನಿಲ್ಲುವುದಿಲ್ಲ.

ಸಹೋದರಿಯರೇ, ಇದನ್ನು ತಿಳಿಯಲು ನಮಗೆ ಅಮೆರಿಕದ ನ್ಯಾಯಾಲಯ ಬೇಕಿಲ್ಲ. ವಿಕ್ಟೋರಿಯಾ ಆಸ್ಪತ್ರೆಯ ಅಥವಾ ನಿಮ್ಹಾನ್ಸ್‌ನ ತುರ್ತು ವಿಭಾಗದ ಹೊರಗೆ ಒಂದು ರಾತ್ರಿ ಕಳೆದವರಿಗೆ ಇದು ಗೊತ್ತು. ಒಳಗೆ ಮಲಗಿದವನು ಒಬ್ಬನೇ. ಹೊರಗೆ ಕಾಯುವವರು ಎಷ್ಟು ಮಂದಿ!

ಅಂಕಿಗಳು ಹೇಳುವುದೇನು?

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ದ್ವಿಚಕ್ರ ವಾಹನದಲ್ಲಿದ್ದವರೇ 74,897. ಹೆಲ್ಮೆಟ್ ಧರಿಸದೆ ಸತ್ತವರು 50,029. ಈ ಕೊನೆಯ ಸಂಖ್ಯೆಯನ್ನು ಬಿಡಿಸಿ ನೋಡಿ: 35,692 ಮಂದಿ ಓಡಿಸುತ್ತಿದ್ದವರು, 14,337 ಮಂದಿ ಹಿಂದೆ ಕುಳಿತವರು. ಅಂದರೆ ಹಿಂಬದಿಯ ಆಸನದಲ್ಲಿ ಹೆಲ್ಮೆಟ್ ಇಲ್ಲದೆ ಕುಳಿತು ದಿನಕ್ಕೆ ಸುಮಾರು 39 ಮಂದಿ ಜೀವ ಕಳೆದುಕೊಂಡರು. ನಮ್ಮ ಮನೆಗಳಲ್ಲಿ ಹಿಂದಿನ ಆಸನದಲ್ಲಿ ಕೂರುವವರು ಯಾರೆಂದು ನಾನು ಹೇಳಬೇಕೇ?

ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಕೊಕ್ರೇನ್ ಪರಿಶೀಲನೆಯ ಪ್ರಕಾರ ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು 42 ಶೇಕಡಾ, ತಲೆಗೆ ಪೆಟ್ಟಾಗುವ ಅಪಾಯವನ್ನು ಸುಮಾರು 69 ಶೇಕಡಾ ಕಡಿಮೆ ಮಾಡುತ್ತದೆ. ಕಾರಣ ಸರಳವಾಗಿದೆ. ಹೆಲ್ಮೆಟಿನ ಒಳಗಿನ ಥರ್ಮೋಕೋಲಿನಂತಹ ದಪ್ಪ ಪದರ ಪೆಟ್ಟು ಬಿದ್ದಾಗ ತಾನು ಜಜ್ಜಿಹೋಗಿ, ತಲೆಗೆ ತಗಲುವ ರಭಸವನ್ನು ತಗ್ಗಿಸುತ್ತದೆ. "ನಾನು ನಿಧಾನವಾಗಿ ಓಡಿಸುತ್ತೇನೆ" ಎನ್ನುವವರಿಗೆ ಒಂದು ಲೆಕ್ಕ: ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ತಲೆ ಗೋಡೆಗೆ ಬಡಿಯುವುದೆಂದರೆ ಸುಮಾರು ಮೂರೂವರೆ ಮೀಟರ್ ಎತ್ತರದಿಂದ ತಲೆಕೆಳಗಾಗಿ ಬಿದ್ದಂತೆ. ಮನೆಯ ಮಾಳಿಗೆಯಿಂದ ಹಾಗೆ ಬೀಳಲು ಯಾರು ಒಪ್ಪುತ್ತಾರೆ?

ಹೆಣ್ಣಿಗೆ ಮಾತ್ರ ವಿನಾಯಿತಿ ಏಕೆ?

ನಮ್ಮ ರಾಜ್ಯದಲ್ಲಿ ಹೆಲ್ಮೆಟ್ ನಿಯಮ ಬಂದು ಹೋಗಿ, ಮತ್ತೆ ಬಂದು ನೆಲೆಯಾಯಿತು. ಬೆಂಗಳೂರಿನಲ್ಲಿ 2006ರ ಕೊನೆಯಲ್ಲಿ ಸವಾರರಿಗೆ ಕಡ್ಡಾಯವಾಯಿತು. ಕೂದಲು ಉದುರುತ್ತದೆ, ಕುತ್ತಿಗೆ ನೋಯುತ್ತದೆ, ಹಾರ್ನ್ ಕೇಳಿಸುವುದಿಲ್ಲ, ಬಡವನಿಗೆ ಹೊರೆ ಎಂದು ಆಗ ಎಲ್ಲೆಡೆ ಮಾತು ಎದ್ದಿತು. ಆದರೆ ಹಿಂದೆ ಕುಳಿತವರಿಗೆ ಹೆಲ್ಮೆಟ್ ಕಡ್ಡಾಯ ಮಾಡಲು 2016ರ ಜನವರಿಯವರೆಗೆ ಕಾಯಬೇಕಾಯಿತು. ಸುಮಾರು ಹತ್ತು ವರ್ಷ ಪತಿಯ ತಲೆಗೆ ಬೆಲೆಯಿತ್ತು, ಪತ್ನಿಯ ತಲೆಗೆ ಇರಲಿಲ್ಲ. ದೆಹಲಿಯಲ್ಲಂತೂ ಮಹಿಳೆಯರಿಗೆ ಹೆಲ್ಮೆಟ್ ಹಲವು ವರ್ಷ ಐಚ್ಛಿಕವಾಗಿತ್ತು. ಸಿಖ್ ಮಹಿಳೆಯರನ್ನು ಬಿಟ್ಟು ಉಳಿದವರಿಗೆ ಅದು ಕಡ್ಡಾಯವಾದದ್ದು 2014ರಲ್ಲಿ.

ಹೆಣ್ಣಿಗೆ ಗೌರವ ಎಂಬ ಹೆಸರಿನಲ್ಲಿ ಕೊಟ್ಟ ಈ ವಿನಾಯಿತಿ ನಿಜವಾಗಿ ಏನು? ಆಸ್ತಿಯಲ್ಲಿ, ಓದಿನಲ್ಲಿ ಸಮಪಾಲು ಕೇಳಿದಾಗ ಹಿಂಜರಿಯುವ ಸಮಾಜ ಅಪಾಯದಲ್ಲಿ ಮಾತ್ರ ಹೆಚ್ಚಿನ ಪಾಲನ್ನು ಧಾರಾಳವಾಗಿ ಕೊಟ್ಟಿತು.

ಶಿರವಸ್ತ್ರ ಮತ್ತು ಹೆಲ್ಮೆಟ್

"ಸಿಖ್ ಸಹೋದರರಿಗೆ ವಿನಾಯಿತಿ ಇದೆಯಲ್ಲ, ನಮಗೇಕೆ ಇಲ್ಲ?" ಎಂದು ಕೆಲವರು ಕೇಳುತ್ತಾರೆ. ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಪೇಟ ಧರಿಸಿದ ಸಿಖ್ಖರಿಗೆ ವಿನಾಯಿತಿ ಕೊಟ್ಟಿದೆ. ಅವರ ದಪ್ಪ ಪೇಟದ ಮೇಲೆ ಹೆಲ್ಮೆಟ್ ಕೂರುವುದಿಲ್ಲ. ನಮ್ಮ ಶಿರವಸ್ತ್ರ ತೆಳುವಾದ ಬಟ್ಟೆ. ಅದರ ಮೇಲೆ ಹೆಲ್ಮೆಟ್ ಸಲೀಸಾಗಿ ಕೂರುತ್ತದೆ. ಎರಡಕ್ಕೂ ಜಗಳವೇ ಇಲ್ಲದ ಮೇಲೆ ವಿನಾಯಿತಿ ಕೇಳುವುದೇಕೆ?

ಇನ್ನೊಂದು ಪ್ರಶ್ನೆ ಹೆಚ್ಚು ಗಂಭೀರವಾದುದು. "ತಲೆಗೆ ಹೆಲ್ಮೆಟ್ ಹಾಕು ಎನ್ನುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟರೆ, ತಲೆಯ ಮೇಲಿನ ಬಟ್ಟೆ ತೆಗೆ ಎನ್ನುವ ಅಧಿಕಾರವನ್ನೂ ಕೊಟ್ಟಂತಾಗುವುದಿಲ್ಲವೇ?" 2022ರಲ್ಲಿ ನಮ್ಮ ರಾಜ್ಯದ ಕಾಲೇಜುಗಳಲ್ಲಿ ನಡೆದುದನ್ನು ಕಂಡವರಿಗೆ ಈ ಆತಂಕ ಸಹಜ. ಆ ವರ್ಷದ ಮಾರ್ಚ್‌ನಲ್ಲಿ ಹೈಕೋರ್ಟ್ ಸರಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು.

ಆದರೆ ಎರಡೂ ಒಂದೇ ತಕ್ಕಡಿಯಲ್ಲಿ ತೂಗುವ ವಿಷಯಗಳಲ್ಲ. ಹೆಲ್ಮೆಟ್ ಕಾನೂನು ರಸ್ತೆಯಲ್ಲಿ, ವಾಹನದ ಮೇಲಿರುವಾಗ ಮಾತ್ರ. ಅದರ ಲಾಭ ಲೆಕ್ಕಕ್ಕೆ ಸಿಗುತ್ತದೆ, ಅದು ಯಾರ ನಂಬಿಕೆಯನ್ನೂ ಕಸಿಯುವುದಿಲ್ಲ, ವಾಹನ ಇಳಿದರೆ ತೆಗೆದಿಡಬಹುದು. ಶಿರವಸ್ತ್ರದಿಂದ ಯಾರ ತಲೆಗೂ ಪೆಟ್ಟಾಗುವುದಿಲ್ಲ. ಯಾವ ಕಾನೂನು ಬಂದರೂ ನಾವು ಕೇಳಬೇಕಾದ ಪ್ರಶ್ನೆಗಳು ಇವು: ಇದು ಯಾವ ಹಾನಿಯನ್ನು ತಡೆಯುತ್ತದೆ? ಎಷ್ಟು ಕಸಿಯುತ್ತದೆ? ಎಲ್ಲರಿಗೂ ಸಮಾನವೇ? ಈ ಅಳತೆಗೋಲು ನಮ್ಮ ಕೈಯಲ್ಲಿದ್ದರೆ ಒಳ್ಳೆಯ ಕಾನೂನನ್ನು ಒಪ್ಪಲೂಬಹುದು, ಅನ್ಯಾಯದ ಕಾನೂನನ್ನು ಪ್ರಶ್ನಿಸಲೂಬಹುದು. ಎಲ್ಲ ಕಾನೂನನ್ನೂ ವಿರೋಧಿಸುವವನ ಮಾತಿಗೆ ಬೇಕಾದ ಹೊತ್ತಿನಲ್ಲಿ ಬೆಲೆ ಇರುವುದಿಲ್ಲ.

ಹಣೆಬರಹದ ನೆಪ

"ಬರೆದದ್ದು ತಪ್ಪುವುದಿಲ್ಲ" ಎಂಬ ಮಾತೂ ನಮ್ಮ ಮನೆಗಳಲ್ಲಿ ಕೇಳಿಬರುತ್ತದೆ. ಒಂಟೆಯನ್ನು ಕಟ್ಟದೆ ಬಿಟ್ಟು ಅಲ್ಲಾಹನ ಮೇಲೆ ಭರವಸೆಯಿಡಲೇ ಎಂದು ಕೇಳಿದವನಿಗೆ ಮೊದಲು ಒಂಟೆಯನ್ನು ಕಟ್ಟುವಂತೆ ಪ್ರವಾದಿಯವರು(ಸ) ತಿಳಿಸಿದ ಪ್ರಸಂಗ ಮದ್ರಸದ ಪುಟ್ಟ ಮಕ್ಕಳಿಗೂ ಗೊತ್ತು. ಅಂಗಡಿಗೆ ಬೀಗ ಹಾಕುವಾಗ, ಮಗುವಿಗೆ ಪೋಲಿಯೋ ಹನಿ ಹಾಕಿಸುವಾಗ ನೆನಪಾಗದ ಹಣೆಬರಹ ಹೆಲ್ಮೆಟ್ ಎತ್ತಿಕೊಳ್ಳುವಾಗ ಮಾತ್ರ ಏಕೆ ನೆನಪಾಗಬೇಕು? ಜೀವ ನಮ್ಮದೆನ್ನುತ್ತೇವೆ, ಆದರೆ ಅದು ನಮಗೆ ಒಪ್ಪಿಸಲಾದ ಅಮಾನತ್ತು.

ಸರಕಾರವೂ ಕೇಳಿಸಿಕೊಳ್ಳಲಿ

ದಂಡ ಹಾಕುವವರಿಗೂ ಹೊಣೆಯಿದೆ. 2019ರ ತಿದ್ದುಪಡಿಯು ಹೆಲ್ಮೆಟ್ ಇಲ್ಲದ ಸವಾರಿಗೆ 1,000 ರೂಪಾಯಿ ದಂಡವನ್ನೂ ಮೂರು ತಿಂಗಳು ಲೈಸೆನ್ಸ್ ಅಮಾನತನ್ನೂ ಗೊತ್ತುಪಡಿಸಿತು. ಜನರ ಅಸಮಾಧಾನ ಕಂಡು ಕರ್ನಾಟಕ ಅದೇ ವರ್ಷ ದಂಡವನ್ನು 500ಕ್ಕೆ ಇಳಿಸಿತು. ದಿನಗೂಲಿಯವನಿಗೆ ಅದೂ ಒಂದು ದಿನದ ಅಡುಗೆಯ ಖರ್ಚು. ಹೆಲ್ಮೆಟ್ ಹಾಕಿ ಎಂದು ಹೇಳುವ ಸರಕಾರ ರಸ್ತೆಯ ಗುಂಡಿಯನ್ನೂ ಮುಚ್ಚಬೇಕು, ದೀಪವನ್ನೂ ಉರಿಸಬೇಕು. ಅದನ್ನು ಕೇಳುವ ಹಕ್ಕು ನಮಗಿದೆ. ಆದರೆ ಗುಂಡಿ ಮುಚ್ಚುವವರೆಗೆ ಹೆಲ್ಮೆಟ್ ಹಾಕುವುದಿಲ್ಲ ಎಂದರೆ ಆ ಗುಂಡಿಗೆ ಬೀಳುವವರು ನಾವೇ.

ನಿಮ್ಮ ಮನೆಯಲ್ಲಿ ಇಂದೇ

- ಹೆಲ್ಮೆಟ್ ಮೇಲೆ ಐಎಸ್‌ಐ ಗುರುತು ಮತ್ತು ಐಎಸ್ 4151 ಎಂಬ ಸಂಖ್ಯೆ ಇದೆಯೇ ನೋಡಿ. 2021ರ ಜೂನ್ ನಂತರ ಈ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ. ರಸ್ತೆ ಬದಿಯ ಟೊಪ್ಪಿಯಂತಹ ಹೆಲ್ಮೆಟ್ ಪೊಲೀಸರಿಂದ ಉಳಿಸೀತು, ಪೆಟ್ಟಿನಿಂದ ಉಳಿಸದು.
- ಹೊಸ ದ್ವಿಚಕ್ರ ವಾಹನ ಕೊಳ್ಳುವಾಗ ಅದರೊಂದಿಗೆ ಹೆಲ್ಮೆಟ್ ಕೊಡಬೇಕೆಂಬ ನಿಯಮವಿದೆ. ಕೇಳಿ ಪಡೆಯಿರಿ.
- ಗಲ್ಲದ ಪಟ್ಟಿ ಬಿಗಿಯದ ಹೆಲ್ಮೆಟ್ ಬೀಳುವ ಮೊದಲೇ ಹಾರಿಹೋಗುತ್ತದೆ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟನ್ನು ಮತ್ತೆ ಬಳಸಬೇಡಿ.
- ಶಿರವಸ್ತ್ರದಡಿ ಎತ್ತರದ ತುರುಬು ಬೇಡ, ತಲೆಯ ಭಾಗದಲ್ಲಿ ಗಟ್ಟಿ ಪಿನ್ನುಗಳು ಬೇಡ. ತೆಳು ಹತ್ತಿ ಬಟ್ಟೆ ಒಳ್ಳೆಯದು. ಅದನ್ನು ಧರಿಸಿಯೇ ಅಂಗಡಿಗೆ ಹೋಗಿ ಹೆಲ್ಮೆಟಿನ ಅಳತೆ ನೋಡಿ.
- ಬುರ್ಖಾ, ದುಪಟ್ಟಾ, ಸೀರೆಯ ಸೆರಗು ಚಕ್ರಕ್ಕೆ ಸಿಗದಂತೆ ಮಡಚಿ ಕುಳಿತುಕೊಳ್ಳಿ. ಹಿಂದಿನ ಚಕ್ರದ ಬಟ್ಟೆತಡೆಯನ್ನು ಬಿಚ್ಚಿಸಬೇಡಿ.
- ನಾಲ್ಕು ವರ್ಷ ದಾಟಿದ ಮಗುವಿಗೆ ಹೆಲ್ಮೆಟ್ ಕಡ್ಡಾಯ. 2023ರ ಫೆಬ್ರವರಿಯಿಂದ ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೂ ಹೆಲ್ಮೆಟ್ ಮತ್ತು ಸವಾರನಿಗೆ ಕಟ್ಟಿಕೊಳ್ಳುವ ಸುರಕ್ಷಾ ಪಟ್ಟಿ ಬೇಕು. ಆಗ ವೇಗ 40 ಕಿಲೋಮೀಟರ್ ಮೀರಬಾರದು.
- ಚಾಲಕನ ಹಿಂದೆ ಒಬ್ಬರಿಗಿಂತ ಹೆಚ್ಚು ಮಂದಿ ಕೂರುವಂತಿಲ್ಲ. ನಾಲ್ವರು ಹೊರಡುವುದಿದ್ದರೆ ಬಸ್ಸು ಹತ್ತಿ.

ಪ್ರೀತಿಯ ಸಹೋದರಿಯರೇ, ಪೊಲೀಸರು ರಸ್ತೆಯ ಮೂಲೆಯಲ್ಲಿ ನಿಲ್ಲಬಲ್ಲರು, ನಮ್ಮ ಮನೆಯ ಬಾಗಿಲಲ್ಲಿ ನಿಲ್ಲಲಾರರು. ಅಲ್ಲಿ ನಿಲ್ಲುವವರು ನೀವು. ಇಂದು ರಾತ್ರಿ ಅವರು "ಇಲ್ಲೇ ಹೋಗಿ ಬರ್ತೀನಿ" ಎಂದು ಹೊರಟಾಗ ಮೊಳೆಯಿಂದ ಹೆಲ್ಮೆಟ್ ತೆಗೆದು ಕೈಗೆ ಕೊಡಿ. ಅವರು ಗೊಣಗಬಹುದು. ಗೊಣಗಲಿ. ಗೊಣಗುತ್ತಲೇ ಮರಳಿ ಬಂದರೆ ಸಾಕಲ್ಲವೇ?