ಬಾವುಟಗುಡ್ಡೆಯ ಆರಿದ ದೀಪ

ಕಡಲಿಲ್ಲದ ಊರಿನವರಿಗೆ ದೀಪಸ್ತಂಭವೆಂದರೆ ಚಿತ್ರದಲ್ಲಿ ಕಂಡ ವಸ್ತುವಷ್ಟೆ. ಜಯನಗರದವರಾದ ನಮಗೆ ಪರಿಚಿತವಾದುದು ಲಾಲ್‌ಬಾಗಿನ ಬಂಡೆಯ ಮೇಲಿನ ಕೆಂಪೇಗೌಡರ ಗೋಪುರ. ಅದು ಊರಿನ ಎಲ್ಲೆಯನ್ನು ಸೂಚಿಸುವುದೆಂದು ಹೇಳುವರು. ಕಡಲಿನವರಿಗೆ ನೆಲದ ಎಲ್ಲೆಯನ್ನು ಸೂಚಿಸುತ್ತಿದ್ದ ಗೋಪುರವೊಂದು ಮಂಗಳೂರಿನಲ್ಲಿದೆ. ಅದರ ಕಥೆಯನ್ನು ಇಲ್ಲಿ ಸಂಗ್ರಹವಾಗಿ ಹೇಳುವೆನು.

ಗೋಪುರವಿರುವ ಗುಡ್ಡಕ್ಕೆ ಬಾವುಟಗುಡ್ಡೆ ಎಂದು ಹೆಸರು. ಲೈಟ್‌ಹೌಸ್ ಹಿಲ್ ಎಂಬುದೂ ಅದೇ. 1837ರ ಏಪ್ರಿಲಿನಲ್ಲಿ ಸುಳ್ಯದ ಕಡೆಯಿಂದ ದಂಡೆತ್ತಿ ಬಂದ ರೈತರು ಕುಂಪಣಿಯ ಬಾವುಟವನ್ನಿಳಿಸಿ ತಮ್ಮದನ್ನು ಏರಿಸಿದ್ದು ಇಲ್ಲಿಯೇ. ಅವರ ಆಳ್ವಿಕೆ ಹದಿಮೂರು ದಿನ ನಡೆಯಿತು. ಅವರ ನಾಯಕರಲ್ಲೊಬ್ಬರಾದ ಕೆದಂಬಾಡಿ ರಾಮಯ್ಯಗೌಡರ ಪ್ರತಿಮೆ 2022ರಲ್ಲಿ ಇಲ್ಲಿ ಸ್ಥಾಪಿತವಾಯಿತು.

ಗೋಪುರವನ್ನು ಹೈದರಾಲಿ ಕಾವಲಿಗೆಂದು ಕಟ್ಟಿಸಿದನೆಂಬುದು ಜನರ ನಂಬಿಕೆ. ಬ್ರಿಟಿಷರು 1900ರಲ್ಲಿ ಕಟ್ಟಿದರೆಂಬುದು ಇನ್ನೊಂದು ಹೇಳಿಕೆ. ಇದೇ ತೀರದ ಕಾಪುವಿನ ದೀಪಸ್ತಂಭವು 1901ರದಾದುದರಿಂದ ಎರಡನೆಯದೇ ಹೆಚ್ಚು ಸಂಭಾವ್ಯವೆಂದು ನನಗೆ ತೋರುತ್ತದೆ.

ದೀಪಕ್ಕೆ ಗುಡ್ಡವೇಕೆ? ಭೂಮಿ ಗುಂಡಗಿರುವುದರಿಂದ ತಗ್ಗಿನಲ್ಲಿಟ್ಟ ಬೆಳಕು ದೂರದ ಹಡಗಿಗೆ ಮರೆಯಾಗುತ್ತದೆ. 25 ಮೀಟರ್ ಎತ್ತರದಿಂದ ದಿಗಂತವು ಸುಮಾರು 18 ಕಿಲೋಮೀಟರ್ ದೂರ. 100 ಮೀಟರ್ ಎತ್ತರದಿಂದ 36. ಎತ್ತರ ನಾಲ್ಮಡಿಯಾದರೆ ದೂರ ಇಮ್ಮಡಿ ಮಾತ್ರ. ಗುಡ್ಡವಿದ್ದಲ್ಲಿ ಗೋಪುರ ಗಿಡ್ಡಾಗಿದ್ದರೂ ಸಾಕು.

ಮಂಗಳೂರಿಗೆ ಈ ಬೆಳಕು ಅಗತ್ಯವಾಗಿತ್ತು. ನೇತ್ರಾವತಿ, ಫಲ್ಗುಣಿ ನದಿಗಳು ಕೂಡುವ ಅಳಿವೆಯಲ್ಲಿ ಮರಳು ತುಂಬಿ ನೀರಿನ ಆಳ ಕಡಮೆ. ದೊಡ್ಡ ಹಡಗುಗಳು ಹೊರಗಡಲಲ್ಲಿಯೇ ಲಂಗರು ಹಾಕುತ್ತಿದ್ದುವು. ಹಂಚು, ಕಾಫಿ ಮುಂತಾದ ಸರಕು ಸಣ್ಣ ದೋಣಿಗಳಲ್ಲಿ ಅಲ್ಲಿಗೆ ಹೋಗಬೇಕಾಗಿತ್ತು. ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆ ತೊಡಗಿದುದು 1865ರಲ್ಲಿ.

ಮುಂದೆ ಪಣಂಬೂರಿನಲ್ಲಿ ಆಳವಾದ ಹೊಸ ಬಂದರು ಸಿದ್ಧವಾಯಿತು. 1974ರಲ್ಲಿ ಅದು ಪ್ರಧಾನ ಬಂದರೆನಿಸಿತು. ಅದಕ್ಕೆ ಮೊದಲೇ, 1972ರಲ್ಲಿ, ಸುರತ್ಕಲ್ಲಿನಲ್ಲಿ ಹೊಸ ದೀಪ ಬೆಳಗಿತ್ತು. ಹಡಗುಗಳ ಹಿಂದೆ ಬೆಳಕೂ ಉತ್ತರಕ್ಕೆ ಸರಿಯಿತು. ಹಳೆಯ ಗೋಪುರವೀಗ ಟಾಗೋರ್ ಪಾರ್ಕಿನಲ್ಲಿ ಸುಮ್ಮನೆ ನಿಂತಿದೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ನಮ್ಮ ಹಿರಿಯರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಆದುದರಿಂದಲೋ ಏನೋ, ಕಟ್ಟಿಸಿದವರು ಯಾರೆಂಬ ಚರ್ಚೆಗಿಂತ, ಸಂಜೆ ಸಂಜೆ ಮೆಟ್ಟಿಲೇರಿ ದೀಪ ಹೊತ್ತಿಸಿದವರು ಯಾರೆಂಬ ಪ್ರಶ್ನೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಅರಸನ ಹೆಸರು ಉಳಿಯಿತು, ಸರ್ಕಾರದ ಹೆಸರು ಉಳಿಯಿತು. ಎಣ್ಣೆ, ಬತ್ತಿ, ಗಾಜುಗಳನ್ನು ನೋಡಿಕೊಂಡವರನ್ನು ಕೇಳುವವರಿಲ್ಲ. 1972 ಬಹು ಹಿಂದಿನ ಮಾತೇನಲ್ಲ. ಆ ಬೆಳಕನ್ನು ಕಣ್ಣಾರೆ ಕಂಡ ಹಿರಿಯರು ಮಂಗಳೂರಿನಲ್ಲಿ ಇನ್ನೂ ಇರುವರು. ಪ್ರವಾಸಕ್ಕೆ ಹೋಗುವ ಸಹಪಾಠಿಗಳು ಗೋಪುರದ ಮುಂದೆ ಚಿತ್ರ ತೆಗೆಸಿಕೊಳ್ಳಲಿ. ಜೊತೆಗೆ ಅಂತಹವರಲ್ಲಿ ಒಬ್ಬರನ್ನಾದರೂ ಮಾತನಾಡಿಸಿ, ಅವರು ಹೇಳಿದುದನ್ನು ಬರೆದುಕೊಂಡು ಬರಲಿ.