ಬೀದಿಯಲ್ಲಿ ಹೆಂಡತಿಗೆ ಹೊಡೆಯುವುದನ್ನು ಕಂಡರೆ ನಾವು ಏನು ಮಾಡಬೇಕು?

ಬಸ್ ನಿಲ್ದಾಣ, ಕಲ್ಯಾಣ ಮಂಟಪದ ಹೊರಗಿನ ವಾಹನ ನಿಲ್ಲಿಸುವ ಜಾಗ, ಆಸ್ಪತ್ರೆಯ ಮುಂದಿನ ಕಟ್ಟೆ, ಜಾತ್ರೆಯ ಗದ್ದಲ. ಇಂಥ ಕಡೆ ಗಂಡಸೊಬ್ಬ ತನ್ನ ಜೊತೆಗಿರುವ ಹೆಂಗಸಿನ ಕೆನ್ನೆಗೆ ಹೊಡೆಯುವುದನ್ನು, ಕೂದಲು ಹಿಡಿದು ಎಳೆಯುವುದನ್ನು ನಮ್ಮಲ್ಲಿ ಹಲವರು ಒಮ್ಮೆಯಾದರೂ ನೋಡಿರುತ್ತೇವೆ. ಸುತ್ತ ಹತ್ತಿಪ್ಪತ್ತು ಜನ ಇರುತ್ತಾರೆ. ಎಲ್ಲರೂ ತಿರುಗಿ ನೋಡುತ್ತಾರೆ. ಅಷ್ಟರಲ್ಲಿ ಯಾರೋ ಒಬ್ಬರು ಮೆಲ್ಲಗೆ "ಗಂಡ ಹೆಂಡ್ತಿ ಅಂತೆ" ಎನ್ನುತ್ತಾರೆ. ಅಲ್ಲಿಗೆ ಎಲ್ಲರೂ ಮುಖ ತಿರುಗಿಸುತ್ತಾರೆ.

ಅದೇ ಗಂಡಸು ಗುರುತಿಲ್ಲದ ಹೆಂಗಸಿನ ಕತ್ತಿನ ಸರಕ್ಕೆ ಕೈ ಹಾಕಿದ್ದರೆ ಅದೇ ಜನ ಓಡಿ ಹೋಗಿ ಹಿಡಿಯುತ್ತಿದ್ದರು, ನಾಲ್ಕು ಬಿಗಿಯುತ್ತಲೂ ಇದ್ದರು. ಹೊಡೆಯುವವನು ಗಂಡ ಎಂದು ತಿಳಿದ ಕೂಡಲೇ ನಮ್ಮ ಕಾಲು ನಿಲ್ಲುವುದೇಕೆ? ಅಂಥ ಹೊತ್ತಿನಲ್ಲಿ ನಡುವೆ ಹೋಗಬೇಕೇ? ಹೋದರೆ ಹೇಗೆ ಹೋಗಬೇಕು? ಕಾನೂನು ನಮ್ಮ ಕಡೆ ಇದೆಯೇ? ಈ ಲೇಖನದ ವಿಷಯ ಇಷ್ಟೇ.

"ನಿನ್ನನ್ನು ಯಾಕಾದರೂ ಕಟ್ಟಿಕೊಂಡೆನೋ"

ಕಾಲು ನಿಲ್ಲುವುದು ನಮ್ಮ ದೇಶದಲ್ಲಿ ಮಾತ್ರ ಅಲ್ಲ. ಅಮೆರಿಕದ ಮನಃಶಾಸ್ತ್ರಜ್ಞರಾದ ಲ್ಯಾನ್ಸ್ ಶಾಟ್ಲೆಂಡ್ ಮತ್ತು ಮಾರ್ಗರೆಟ್ ಸ್ಟ್ರಾ 1976ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ನಟರಿಬ್ಬರು ಜಗಳವಾಡುವಂತೆ, ಗಂಡಸು ಹೆಂಗಸಿನ ಮೇಲೆ ಕೈ ಮಾಡುವಂತೆ ಅಭಿನಯಿಸಿದರು. ಹತ್ತಿರದಲ್ಲಿದ್ದವರಿಗೆ ಅದು ಅಭಿನಯ ಎಂದು ಗೊತ್ತಿರಲಿಲ್ಲ. ಕೆಲವು ಸಲ ಆಕೆ "ನನ್ನ ಬಿಡು, ನೀನು ಯಾರೋ ನನಗೆ ಗೊತ್ತಿಲ್ಲ" ಎಂದು ಕೂಗಿದಳು. ಇನ್ನು ಕೆಲವು ಸಲ "ನನ್ನ ಬಿಡು, ನಿನ್ನನ್ನು ಯಾಕಾದರೂ ಮದುವೆಯಾದೆನೋ" ಎಂದಳು. ಉಳಿದದ್ದೆಲ್ಲ ಒಂದೇ. ಮೊದಲನೆಯ ಮಾತು ಕೇಳಿದವರಲ್ಲಿ ಶೇಕಡಾ 65 ಜನ ನೆರವಿಗೆ ಬಂದರು. ಎರಡನೆಯ ಮಾತು ಕೇಳಿದವರಲ್ಲಿ ಬಂದದ್ದು ಶೇಕಡಾ 19 ಮಾತ್ರ.

ಗುರುತಿಲ್ಲದವನ ಕೈಗೆ ಸಿಕ್ಕವಳಿಗೆ ಹೆಚ್ಚು ಅಪಾಯ, ಗಂಡನ ಕೈಗೆ ಸಿಕ್ಕವಳಿಗೆ ನಮ್ಮ ನೆರವು ಬೇಡವೇನೋ ಎಂದು ನೋಡುವವರು ಭಾವಿಸುತ್ತಾರೆ ಎಂಬುದೂ ಆ ಅಧ್ಯಯನದಲ್ಲಿ ಕಂಡಿತು. ಇದರಲ್ಲಿ ಸತ್ಯಾಂಶ ಎಷ್ಟು ಎಂದು ಯೋಚಿಸಿ. ಗುರುತಿಲ್ಲದವನು ಹೊಡೆದು ಓಡಿಹೋಗುತ್ತಾನೆ. ಗಂಡ ಅವಳ ಜೊತೆಯಲ್ಲೇ ಮನೆಗೆ ಹೋಗುತ್ತಾನೆ.

ನಮ್ಮಲ್ಲಿ "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂಬ ಗಾದೆ ಇದೆ. ಗಾದೆ ಹೇಳುವುದು ಜಗಳದ ಮಾತು, ಹೊಡೆತದ ಮಾತಲ್ಲ. ಇಬ್ಬರೂ ಸರಿಸಮವಾಗಿ ಮಾತಾಡಿಕೊಂಡರೆ ಅದು ಜಗಳ. ಒಬ್ಬರು ಹೊಡೆದು ಇನ್ನೊಬ್ಬರು ಮುಖ ಮುಚ್ಚಿಕೊಂಡರೆ ಅದನ್ನು ಜಗಳ ಎನ್ನಲಾಗದು. "ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು" ಎಂಬ ಮತ್ತೊಂದು ಗಾದೆಯನ್ನೂ ಹಿರಿಯರೇ ಮಾಡಿಟ್ಟಿದ್ದಾರೆ. ನಡುವೆ ಹೋಗದಿರಲು ನೆಪ ಬೇಕಾದಾಗ ನಮಗೆ ನೆನಪಾಗುವುದು ಮೊದಲನೆಯದು ಮಾತ್ರ.

ಇದು ಎಲ್ಲೋ ಕೆಲವು ಮನೆಗಳ ಸಂಗತಿಯೂ ಅಲ್ಲ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದ ವಿವಾಹಿತೆಯರಲ್ಲಿ ಶೇಕಡಾ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದರು. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇಕಡಾ 20.6 ಇತ್ತು. ಇಡೀ ದೇಶದ ಲೆಕ್ಕದಲ್ಲಿ ಹಿಂಸೆ ಅನುಭವಿಸಿದವರ ಪೈಕಿ ನೆರವು ಕೇಳಿದವರು ಶೇಕಡಾ 14 ಮಾತ್ರ. ಹೆಚ್ಚಿನವರು ತವರಿಗೂ ಹೇಳುವುದಿಲ್ಲ. ಆದ್ದರಿಂದ ಬೀದಿಯಲ್ಲಿ ಕಣ್ಣಿಗೆ ಬಿದ್ದ ಆ ಒಂದು ಏಟು, ಹೊರಗಿನವರಿಗೆ ಈ ಸಂಗತಿ ತಿಳಿಯುವ ಏಕೈಕ ಸಂದರ್ಭವಾಗಿರಬಹುದು.

ಅಹಿಂಸಾ ವ್ರತ ಅಡ್ಡಿಯೇ?

ನಮ್ಮ ಓದುಗರಲ್ಲಿ ಕೆಲವರಿಗೆ ಬರಬಹುದಾದ ಪ್ರಶ್ನೆ ಇದು. ಕೈ ಕೈ ಮಿಲಾಯಿಸುವ ಕಡೆ ಹೋಗುವುದೇ ಹಿಂಸೆಯಲ್ಲವೇ, ದೂರ ಉಳಿಯುವುದೇ ಸರಿಯಲ್ಲವೇ ಎಂದು. ಹಾಗೇನಿಲ್ಲ. ಗೃಹಸ್ಥರ ಅಹಿಂಸಾಣುವ್ರತವನ್ನು ವಿವರಿಸುವಾಗ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸುತ್ತಾರೆ. ಶ್ರಾವಕರು ಪೂರ್ಣವಾಗಿ ಬಿಡಬೇಕಾದದ್ದು ಸಂಕಲ್ಪಿ ಹಿಂಸೆಯನ್ನು, ಅಂದರೆ ಬೇಕೆಂದೇ ಮಾಡುವ ಹಿಂಸೆಯನ್ನು. ತನ್ನನ್ನೋ ಆಶ್ರಿತರನ್ನೋ ಕಾಪಾಡುವಾಗ ಅನಿವಾರ್ಯವಾಗುವ ವಿರೋಧಿ ಹಿಂಸೆಗೆ ಗೃಹಸ್ಥರಲ್ಲಿ ಅವಕಾಶವಿದೆ. ಇನ್ನೊಂದು ಕಡೆ ಕೃತ, ಕಾರಿತ, ಅನುಮೋದಿತ ಎಂಬ ಮೂರು ದಾರಿಗಳಿವೆ. ಸುಮ್ಮನೆ ನಿಂತವರೆಲ್ಲ ಅನುಮೋದಿಸಿದವರು ಎನ್ನುವುದು ಅತಿಯಾದೀತು. ಭಯಕ್ಕೆ ನಿಂತವರೂ ಇರುತ್ತಾರೆ. ಆದರೆ "ಅವಳೇ ಏನೋ ಮಾಡಿರಬೇಕು" ಎಂದು ಪಕ್ಕದವರ ಕಿವಿಯಲ್ಲಿ ಹೇಳಿದರೆ ಅದು ಅನುಮೋದನೆಯೇ.

ಹಾಗೆಂದು ನಡುವೆ ನುಗ್ಗಿ ಅವನಿಗೆ ಎರಡು ಬಾರಿಸಿ ಎಂದು ಯಾರೂ ಹೇಳುತ್ತಿಲ್ಲ. ಅದು ಬಹುತೇಕ ಸಲ ತಪ್ಪು ದಾರಿ.

ಅವನೊಡನೆ ಅಲ್ಲ, ಅವಳೊಡನೆ ಮಾತಾಡಿ

ನಾಲ್ಕು ಜನರ ಮುಂದೆ ಅವಮಾನವಾದ ಸಿಟ್ಟನ್ನು ಇಂಥವರು ಅಲ್ಲಿ ತೀರಿಸಿಕೊಳ್ಳುವುದಿಲ್ಲ. ಬಾಗಿಲು ಮುಚ್ಚಿದ ಮೇಲೆ ತೀರಿಸಿಕೊಳ್ಳುತ್ತಾರೆ. "ಯಾರವನು, ನಿನಗೆ ಹೇಗೆ ಗೊತ್ತು" ಎಂದು ಆ ರಾತ್ರಿ ಅವಳ ಮೇಲೆ ಸಂಶಯವನ್ನೂ ಹೊರಿಸಬಹುದು. ನಾವು ಮಾಡುವ ಕೆಲಸಕ್ಕೆ ಅಳತೆಗೋಲು ಒಂದೇ: ನಾವು ಅಲ್ಲಿಂದ ಹೋದ ಮೇಲೆ ಅವಳ ಸ್ಥಿತಿ ಮೊದಲಿಗಿಂತ ಕೆಡಬಾರದು.

ಹಾಗಾಗಿ ಹೊಡೆತ ನಿಲ್ಲಿಸಲು ಬೇಕಾದದ್ದು ಒಂದು ಅಡಚಣೆ, ಅಷ್ಟೇ. ಹೆಂಗಸರು ಮುಂದೆ ಹೋದರೆ ಹೆಚ್ಚು ಅನುಕೂಲ. "ಅಕ್ಕಾ, ಧರ್ಮಸ್ಥಳದ ಬಸ್ಸು ಯಾವ ಕಡೆ ನಿಲ್ಲುತ್ತೆ?" ಎಂದು ಅವಳನ್ನೇ ಕೇಳಿ. "ಅಕ್ಕಾ, ಈ ಕರ್ಚೀಫು ನಿಮ್ಮದಾ?" ಎನ್ನಿ. ಮಗು ಅಳುತ್ತಿದ್ದರೆ ನೀರಿನ ಬಾಟಲಿ ಹಿಡಿದು ಹತ್ತಿರ ಹೋಗಿ. ಪ್ರಶ್ನೆ ಎಷ್ಟು ಪೆದ್ದಾಗಿದ್ದರೂ ಅಡ್ಡಿಯಿಲ್ಲ. ಎತ್ತಿದ ಕೈ ಕ್ಷಣಕಾಲ ನಿಂತರೆ ಅವಳು ಎರಡು ಹೆಜ್ಜೆ ಸರಿದುಕೊಳ್ಳಬಹುದು, ಸುತ್ತಲಿನ ಇನ್ನಿಬ್ಬರಿಗೂ ಧೈರ್ಯ ಬರಬಹುದು.

ಈ ಉಪಾಯವನ್ನು ಹದಿನೆಂಟು ವರ್ಷದ ಹಿಂದೆಯೇ ನಮ್ಮ ರಾಜ್ಯದಲ್ಲಿ ಪ್ರಚಾರ ಮಾಡಿದ್ದರು. 2008ರಲ್ಲಿ ಬ್ರೇಕ್‌ಥ್ರೂ ಸಂಸ್ಥೆ ಆರಂಭಿಸಿದ "ಬೆಲ್ ಬಜಾವೋ" ಅಭಿಯಾನದ ಟೀವಿ ಜಾಹೀರಾತುಗಳು ಹಲವರಿಗೆ ನೆನಪಿರಬಹುದು. ಅಭಿಯಾನ ನಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪಕ್ಕದ ಮನೆಯಿಂದ ಹೊಡೆಯುವ ಸದ್ದು ಕೇಳಿದವನು ಹೋಗಿ ಕರೆಗಂಟೆ ಒತ್ತುತ್ತಾನೆ. ಬಾಗಿಲು ತೆರೆದ ಗಂಡನನ್ನು "ಸ್ವಲ್ಪ ಹಾಲು ಸಿಗುತ್ತಾ?" ಎಂದು ಕೇಳುತ್ತಾನೆ. ಇನ್ನೊಂದರಲ್ಲಿ ಕ್ರಿಕೆಟ್ ಆಡುವ ಹುಡುಗರು ಚೆಂಡು ಕೇಳಲು ಹೋಗುತ್ತಾರೆ. ಬೈಗುಳವಿಲ್ಲ, ಉಪದೇಶವಿಲ್ಲ. ಕೇಳಿಸುತ್ತಿದೆ ಎಂದು ಅವನಿಗೆ ತಿಳಿಯಿತು, ಅಷ್ಟು ಸಾಕು. ಗೋಡೆಗೆ ಗೋಡೆ ತಾಗಿದ ವಠಾರಗಳಲ್ಲಿ, ಅಪಾರ್ಟ್‌ಮೆಂಟ್‌ಗಳಲ್ಲಿ ಇಂದಿಗೂ ಇದಕ್ಕಿಂತ ಸುಲಭದ ದಾರಿ ಇಲ್ಲ.

ಒಬ್ಬರೇ ಇದ್ದರೆ ಮೊದಲು ಜೊತೆ ಹುಡುಕಿಕೊಳ್ಳಿ. "ಯಾರಾದರೂ ಬನ್ನಿ" ಎಂದರೆ ಯಾರೂ ಬರುವುದಿಲ್ಲ. "ನೀಲಿ ಅಂಗಿಯವರೇ, ಸ್ವಲ್ಪ ನನ್ನ ಜೊತೆ ಬನ್ನಿ" ಎಂದು ಒಬ್ಬರನ್ನೇ ಗುರುತಿಸಿ ಕರೆಯಬೇಕು. ಜನ ಬರುವುದೇ ಇಲ್ಲ ಎಂದು ತಿಳಿಯಬೇಕಾಗಿಲ್ಲ. ಆಮ್‌ಸ್ಟರ್‌ಡ್ಯಾಂ, ಬ್ರಿಟನ್ನಿನ ಲ್ಯಾಂಕಾಸ್ಟರ್, ದಕ್ಷಿಣ ಆಫ್ರಿಕಾದ ಕೇಪ್ ಟೌನ್ ನಗರಗಳ ಬೀದಿ ಕ್ಯಾಮೆರಾಗಳಲ್ಲಿ ದಾಖಲಾದ 219 ಜಗಳಗಳನ್ನು ಸಂಶೋಧಕರು ಪರಿಶೀಲಿಸಿ 2019ರಲ್ಲಿ ವರದಿ ಮಾಡಿದರು. ಹತ್ತರಲ್ಲಿ ಒಂಬತ್ತು ಕಡೆ ಕನಿಷ್ಠ ಒಬ್ಬರಾದರೂ ನಡುವೆ ಬಂದಿದ್ದರು. ಜನ ಹೆಚ್ಚಿದ್ದಷ್ಟೂ ಯಾರಾದರೂ ಬರುವ ಸಾಧ್ಯತೆ ಹೆಚ್ಚಿತ್ತು. ಅವೆಲ್ಲ ಗಂಡ ಹೆಂಡಿರ ಜಗಳಗಳಲ್ಲ, ನಿಜ.

ಬಸ್ಸಿನಲ್ಲಾದರೆ ಕಂಡಕ್ಟರಿಗೆ ಹೇಳಿ. ಬಸ್ಸನ್ನು ಪೊಲೀಸ್ ಠಾಣೆಯ ಮುಂದೆ ನಿಲ್ಲಿಸಲು ಕೇಳಬಹುದು. ರೈಲಿನಲ್ಲಿ 139. ಕೈಯಲ್ಲಿ ಚಾಕು, ದೊಣ್ಣೆ ಇದ್ದರೆ, ಕುಡಿದು ಮೈಮೇಲೆ ಎಚ್ಚರ ಇಲ್ಲದಿದ್ದರೆ ಹತ್ತಿರ ಹೋಗಬೇಡಿ. ದೂರದಿಂದಲೇ 112ಕ್ಕೆ ಕರೆ ಮಾಡಿ. ಸ್ಥಳದ ಹೆಸರು, ಹತ್ತಿರದ ಅಂಗಡಿ ಅಥವಾ ದೇವಸ್ಥಾನ, ವಾಹನದ ನಂಬರು, ಆಯುಧ ಇದೆಯೇ, ಮಕ್ಕಳಿದ್ದಾರೆಯೇ ಎಂಬುದನ್ನು ಹೇಳಿ. "ಸಂಸಾರದ ಜಗಳ" ಎನ್ನಬೇಡಿ. "ಹೆಂಗಸಿಗೆ ಹೊಡೆಯುತ್ತಿದ್ದಾನೆ" ಎನ್ನಿ.

ಮೊಬೈಲ್ ತೆಗೆದು ವಿಡಿಯೋ ಮಾಡುವವರಿಗೆ ಒಂದು ಮಾತು. ಬೇರೆಯವರು ಆಗಲೇ ನೆರವಿಗೆ ಹೋಗಿದ್ದರೆ ದೃಶ್ಯ ಸಾಕ್ಷ್ಯವಾಗಬಹುದು. ಅದನ್ನು ಅವಳಿಗೋ ಪೊಲೀಸರಿಗೋ ಕೊಡಿ. ವಾಟ್ಸಾಪ್ ಗುಂಪಿಗೆ ಹಾಕಿದರೆ ಹೋಗುವುದು ಅವಳ ಮಾನ, ಅವಳ ಮಕ್ಕಳ ನೆಮ್ಮದಿ. ಇಂಥ ಪ್ರಕರಣಗಳನ್ನು ಬೇಕಾದರೆ ಮುಚ್ಚಿದ ಕೋಣೆಯಲ್ಲಿ ವಿಚಾರಿಸಲು ನ್ಯಾಯಾಲಯಕ್ಕೇ ಕಾನೂನು ಅವಕಾಶ ಕೊಟ್ಟಿದೆ.

ದೂರು ಕೊಡಲು ನಾವು ಯಾರು?

"ಹೊರಗಿನವರ ದೂರನ್ನು ಪೊಲೀಸರು ತೆಗೆದುಕೊಳ್ಳುವುದಿಲ್ಲ" ಎಂಬ ಮಾತು ಚಾಲ್ತಿಯಲ್ಲಿದೆ. ಇದು ಅರ್ಧ ನಿಜ. ಹಿಂದಿನ 498ಎ, ಅಂದರೆ ಈಗಿನ ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್ನಿನ ಕ್ರೌರ್ಯದ ಅಪರಾಧದಲ್ಲಿ ಪೊಲೀಸರು ನೇರವಾಗಿ ಪ್ರಕರಣ ದಾಖಲಿಸಿಕೊಳ್ಳಲು ಆ ಮಹಿಳೆ ಅಥವಾ ಅವಳ ರಕ್ತ ಸಂಬಂಧಿ, ಮದುವೆಯ ಸಂಬಂಧಿ ಇಲ್ಲವೇ ದತ್ತು ಸಂಬಂಧಿ ಮಾಹಿತಿ ಕೊಡಬೇಕು. ಜನರ ಅನುಭವಕ್ಕೆ ಬಂದಿರುವುದು ಇದು.

ಆದರೆ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಬೇರೆಯೇ ದಾರಿ ತೆರೆದಿದೆ. 2005ರ ಈ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಇದರ 4ನೇ ಸೆಕ್ಷನ್ ಪ್ರಕಾರ, ದೌರ್ಜನ್ಯ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯಬಹುದು ಎಂದು ನಂಬಲು ಕಾರಣವಿರುವ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ನೆರೆಯವರು, ದಾರಿಹೋಕರು, ಅಂಗಡಿಯವರು, ಎಲ್ಲರೂ. ಸದುದ್ದೇಶದಿಂದ ತಿಳಿಸಿದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬರುವುದಿಲ್ಲ ಎಂದು ಅದೇ ಸೆಕ್ಷನ್ ಹೇಳುತ್ತದೆ. ಬಾಯಿಮಾತಿನಲ್ಲಿ ಹೇಳಿದರೂ ಅಧಿಕಾರಿ ಅದನ್ನು ಬರೆದುಕೊಳ್ಳಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ತಾಲ್ಲೂಕು ಮಟ್ಟದ ಸಂರಕ್ಷಣಾಧಿಕಾರಿಗಳು. ಊರಿನ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಅವರ ಕಚೇರಿ ಎಲ್ಲಿದೆ ಎಂದು ತಿಳಿಯುತ್ತದೆ.

ಪೊಲೀಸರಿಗೂ ಕೆಲಸವಿದೆ. ಸಂರಕ್ಷಣಾ ಆದೇಶ ಕೋರುವ ಹಕ್ಕು, ಉಚಿತ ಕಾನೂನು ನೆರವು, ಸಂರಕ್ಷಣಾಧಿಕಾರಿಯ ಸೇವೆ ಇವೆಲ್ಲ ಇವೆ ಎಂದು ಅವರು ಆ ಮಹಿಳೆಗೆ ತಿಳಿಸಲೇಬೇಕು ಎನ್ನುತ್ತದೆ 5ನೇ ಸೆಕ್ಷನ್. ಇನ್ನು, ಕಣ್ಣೆದುರೇ ಪ್ರಾಣಕ್ಕೆ ಅಪಾಯವಿದ್ದು ಅವನ ಕೈ ಹಿಡಿದು ತಡೆಯಬೇಕಾಗಿ ಬಂದರೆ, ಇನ್ನೊಬ್ಬರ ದೇಹವನ್ನು ರಕ್ಷಿಸುವ ಹಕ್ಕು ನ್ಯಾಯ ಸಂಹಿತೆಯ 35ನೇ ಸೆಕ್ಷನ್ನಿನಲ್ಲಿದೆ. ತಡೆಯಲು ಬೇಕಾದಷ್ಟೇ ಬಲ ಬಳಸಬೇಕು. ಅವನು ನಿಂತ ಮೇಲೆ ಗುಂಪು ಸೇರಿ ಹೊಡೆದರೆ ಅದು ನಮ್ಮ ಅಪರಾಧ.

ಅವಳು "ಏನೂ ಇಲ್ಲ" ಎಂದರೆ?

ಹೆಚ್ಚಿನ ಸಲ ಹಾಗೇ ಆಗುತ್ತದೆ. "ನಮ್ಮ ಮನೆ ವಿಷಯ, ನೀವು ಹೋಗಿ" ಎಂದು ಅವಳೇ ಸಿಡುಕಬಹುದು. ಹೋದವರಿಗೆ ಮುಖಭಂಗವಾಗುತ್ತದೆ, ಇನ್ನು ಮುಂದೆ ಯಾರ ಗೊಡವೆಯೂ ಬೇಡ ಎನಿಸುತ್ತದೆ. ಅವಳು ಲೆಕ್ಕ ಹಾಕಿಯೇ ಹಾಗೆ ಹೇಳಿರುತ್ತಾಳೆ. ಕೈಯಲ್ಲಿ ಹಣವಿಲ್ಲ, ಮಗು ಅವನ ಹತ್ತಿರ ಇದೆ, ರಾತ್ರಿ ಹೋಗಲು ಬೇರೆ ಮನೆಯಿಲ್ಲ. ಬೇಸರಿಸಬೇಡಿ. "ಅವನನ್ನು ಬಿಟ್ಟು ಬಾ" ಎಂದು ರಸ್ತೆಯಲ್ಲಿ ನಿಂತು ಬುದ್ಧಿ ಹೇಳುವುದೂ ಬೇಡ. ಅವನು ಪಕ್ಕಕ್ಕೆ ಹೋದಾಗ, ಶೌಚಾಲಯದ ಸಾಲಿನಲ್ಲೋ ಟಿಕೆಟ್ ಕೌಂಟರಿನ ಬಳಿಯೋ, "ನೋಡಿದೆ ಅಕ್ಕಾ, ನಿಮ್ಮದೇನೂ ತಪ್ಪಿಲ್ಲ. 181ಕ್ಕೆ ಯಾವಾಗ ಬೇಕಾದರೂ ಫೋನ್ ಮಾಡಬಹುದು" ಎಂದು ಒಂದು ಮಾತು ಹೇಳಿ. ಚೀಟಿ ಕೊಡುವುದಾದರೆ ಅವಳನ್ನು ಕೇಳಿ ಕೊಡಿ, ಅವನ ಕೈಗೆ ಸಿಕ್ಕರೆ ಕಷ್ಟ.

ಹೊಡೆಯುತ್ತಿರುವವನು ನಮ್ಮ ಪರಿಚಯದವನೇ ಆಗಿದ್ದರೆ, ನೆಂಟನೇ ಆಗಿದ್ದರೆ ಸಂಕೋಚ ಹೆಚ್ಚು. ಮನೆತನದ ಮರ್ಯಾದೆ ಎಂದು ಹಿರಿಯರನ್ನು ಕೂರಿಸಿ ರಾಜಿ ಮಾಡಿಸುವುದು ನಮ್ಮ ಕುಟುಂಬಗಳಲ್ಲೂ ರೂಢಿ. ಹಿರಿಯರ ಮಾತಿಗೆ ಬೆಲೆ ಕೊಡುವವನಾದರೆ ಅದರಿಂದ ಉಪಯೋಗವೂ ಆದೀತು. ಆದರೆ ಅವನ ಎದುರಿಗೇ "ನಿನಗೆ ಏನು ತೊಂದರೆ ಹೇಳಮ್ಮ" ಎಂದು ಅವಳನ್ನು ಕೇಳುವ ಪಂಚಾಯಿತಿಯಿಂದ ಏನೂ ಹೊರಬರುವುದಿಲ್ಲ. ಮನೆಯ ಅತ್ತೆಯೋ ನಾದಿನಿಯೋ ಅಲ್ಲದ ಒಬ್ಬ ಹಿರಿಯ ಹೆಂಗಸು ಮೊದಲು ಅವಳೊಬ್ಬಳನ್ನೇ ಕೂರಿಸಿಕೊಂಡು ಕೇಳಬೇಕು. ತವರಿನವರಿಗೆ ತಿಳಿಸಲೇ ಎಂಬುದನ್ನೂ ಅವಳನ್ನೇ ಕೇಳಬೇಕು.

ಪೆಟ್ಟಾಗಿದ್ದರೆ ಸರ್ಕಾರಿ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ವೈದ್ಯರ ದಾಖಲೆ ನಾಳೆ ಬೇಕಾಗುತ್ತದೆ. ತಂಗಲು ಜಾಗ, ಸಮಾಲೋಚನೆ, ವಕೀಲರ ನೆರವು ಒಂದೇ ಕಡೆ ಸಿಗಲೆಂದು "ಸಖಿ" ಕೇಂದ್ರಗಳಿವೆ. ರಾಜ್ಯ ಸರ್ಕಾರದ "ಸಾಂತ್ವನ" ಕೇಂದ್ರಗಳೂ ಇದೇ ಕೆಲಸಕ್ಕಿವೆ. ಈಗಲೇ ಮೊಬೈಲಿನಲ್ಲಿ ಉಳಿಸಿಕೊಳ್ಳಬೇಕಾದ ಸಂಖ್ಯೆಗಳು: ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ ಹೊಡೆಯುತ್ತಿದ್ದರೆ 1098, ವಯಸ್ಸಾದ ತಂದೆ ತಾಯಿಯನ್ನು ಹಿಂಸಿಸುತ್ತಿದ್ದರೆ ಹಿರಿಯ ನಾಗರಿಕರ ಸಹಾಯವಾಣಿ 14567.